ಎರೆಮಣ್ಣಿನ ದಾರಿಯ ಮೇಸ್ತ್ರಿ

ಅವರ ಹಿಮ್ಮಡಿ ಒಡೆದು ಬಿರುಕುಬಿಟ್ಟಿತ್ತು. ಬಿರುಕಿನೊಳಗೆ ಕೂತ ಕಪ್ಪು ಎರೆಮಣ್ಣು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅಜ್ಜಂಪುರದ ಕಡೆಯ ರಸ್ತೆಗಳಿಗೆ ಮೇಸ್ತ್ರಿಯಾಗಿದ್ದ ಅವರು ಚಪ್ಪಲಿ ಮೆಟ್ಟಿದ್ದನ್ನು ನಾನು ನೋಡಿದವನಲ್ಲ. ರಸ್ತೆ ಎಲ್ಲಿ ಕುಸಿಯುತ್ತದೆಂದು ಮೊದಲು ಅಂಗಾಲಿಗೆ ಗೊತ್ತಾಗುತ್ತದೆ, ಓವರ್‌ಸಿಯರಿಗೆ ಆಮೇಲೆ ಎನ್ನುತ್ತಿದ್ದರು.

ಕಂಟ್ರಾಕ್ಟರು ಜಲ್ಲಿಯ ರಾಶಿ ಹಾಕಿಸಿದರೆ ಅಳತೆಗೆ ಮುಂಚೆ ಹಾರೆ ಚುಚ್ಚಿ ನೋಡುವರು. ಒಳಗೆ ಮಣ್ಣಿನ ದಿಬ್ಬ, ಮೇಲೆ ಜಲ್ಲಿ ಹೊದಿಸುವ ಕೈಚಳಕ ಆಗ ಮಾಮೂಲಾಗಿತ್ತು. ಅಳತೆಯಾದ ರಾಶಿಯನ್ನೇ ಇನ್ನೊಂದು ಸಲ ಅಳೆಸಿ ಬಿಲ್ಲು ಮಾಡಬಾರದೆಂದು ತಾವೇ ನಿಂತು ಗುರುತಿಗೆ ಸುಣ್ಣದ ನೀರು ಎರಚುವರು. ಇದರಿಂದ ಅವರಿಗೆ ಕಂಟ್ರಾಕ್ಟರನ ಬೈಗುಳ ಬಿಟ್ಟು ಬೇರೇನೂ ಸಿಗಲಿಲ್ಲ. ಊಟದ ಹೊತ್ತಿಗೆ ಮಾತ್ರ ಆಳುಗಳ ನಡುವೆ ಕೂತು ಎಲ್ಲರ ಬುತ್ತಿಗೂ ಕೈ ಹಾಕುತ್ತಿದ್ದರು.

ನಾನಾಗ ತಾಲ್ಲೂಕು ಬೋರ್ಡಿನ ಮೆಂಬರು. ತೆಂಗಿನ ತೋಟ, ಜರಿ ರುಮಾಲು, ಅದಕ್ಕೆ ತಕ್ಕ ಜಂಬ ಎಲ್ಲವೂ ಇತ್ತು. ಒಂದು ವರ್ಷ ಬುಕ್ಕಾಂಬುಧಿ ದಾರಿಯ ರಿಪೇರಿಗೆ ಮಂಜೂರಾದ ಹಣ ಒಂದು ಮೈಲಿಗೆ ಸಾಕಾಗುವಷ್ಟೇ ಇತ್ತು. ಆ ದಾರಿಯಲ್ಲಿ ಮೂರು ಹಳ್ಳಿ, ಮೂರರಲ್ಲೂ ನನಗೆ ನೆಂಟರು. ಜಲ್ಲಿಯನ್ನು ಮೂರು ಮೈಲಿಗೂ ಹರಡಿಬಿಡಿ ಎಂದು ಮೇಸ್ತ್ರಿಗೆ ಹೇಳಿದೆ.

“ಎರೆಮಣ್ಣು ಗೌಡ್ರೇ, ತೆಳ್ಳಗೆ ಹಾಕಿದ್ರೆ ನುಂಗ್ಬಿಡ್ತದೆ. ಈ ವರ್ಷ ಒಂದ್ ಮೈಲಿ ಗಟ್ಟಿ ಮಾಡಾಣ” ಎಂದರು.

ಹೇಳಿದಷ್ಟು ಮಾಡಿ ಎಂದು ಗದರಿದೆ. ಮಾಡಿದರು.

ಮುಂಗಾರಿನ ಮೊದಲ ಮಳೆಗೇ ಜಲ್ಲಿ ಹೇಳಹೆಸರಿಲ್ಲದಂತಾಯಿತು. ಬೀರೂರು ಸ್ಟೇಷನ್ನಿಗೆ ಕೊಬ್ಬರಿ ಹೇರಿಕೊಂಡು ಹೊರಟ ಗಾಡಿಗಳು ಅಚ್ಚಿನವರೆಗೆ ಹೂತವು. ಅಮಲ್ದಾರರು ವಿಚಾರಣೆಗೆ ಬಂದರು. ಮೇಸ್ತ್ರಿಯೇ ಜಲ್ಲಿ ಮಾರಿಕೊಂಡ ಎಂದು ಕಂಟ್ರಾಕ್ಟರು ಹಳೆಯ ಸಿಟ್ಟು ತೀರಿಸಿಕೊಂಡ. ಮೇಸ್ತ್ರಿ ನನ್ನ ಕಡೆ ನೋಡಿದರು. ಹರಡಲು ಹೇಳಿದವನು ನಾನು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ರುಮಾಲು ಸರಿಮಾಡಿಕೊಂಡು ಸುಮ್ಮನೆ ಕೂತೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರನ್ನು ಕೆಲಸದಿಂದ ತೆಗೆದರು.

ಏಳೆಂಟು ವರ್ಷದ ಮೇಲೆ ಅವರ ಮನೆಗೆ ಹೋಗಿ, ತಪ್ಪು ನನ್ನದು ಎಂದೆ. ಮಜ್ಜಿಗೆ ತರಿಸಿಕೊಟ್ಟು, ನಾನು ಕುಡಿದು ಮುಗಿಸಿದ ಮೇಲೆ ಹೇಳಿದರು:

“ಅವತ್ತು ಹೇಳಿದ್ರೆ ನನ್ ಕೆಲ್ಸ ಉಳೀತಿತ್ತು. ಇವತ್ತು ನನ್ ಮುಂದೆ ಹೇಳಿದ್ರೆ ನಿಮಗ್ ನಿದ್ದೆ ಬತ್ತದೆ, ಅಷ್ಟೇ. ಹೇಳೋದಿದ್ರೆ ಬೋರ್ಡ್‌ನಾಗೆ ಹೇಳಿ ಗೌಡ್ರೇ.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಮುಂದಿನ ಸಭೆಗೆ ಎರಡು ತಿಂಗಳಿತ್ತು. ಅಷ್ಟರಲ್ಲಿ ಅವರು ತೀರಿಕೊಂಡರು.

ಆದರೂ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹೊಸದಾಗಿ ಬಂದಿದ್ದ ಅಮಲ್ದಾರರು ಸಾವಧಾನವಾಗಿ ಕೇಳಿ, ದಾಖಲೆಯಲ್ಲಿ ಬರೆಸೋಣ, ಆ ಮೇಸ್ತ್ರಿಯ ಹೆಸರೇನು ಎಂದರು. ಅಷ್ಟು ವರ್ಷ ಬರೀ ಮೇಸ್ತ್ರಿ ಎಂದೇ ಕರೆದಿದ್ದ ನನಗೆ ಅವರ ಹೆಸರು ಗೊತ್ತಿರಲಿಲ್ಲ.