ಲೇಡೀಸ್ ಡಬ್ಬದ ವಿಚಾರಗೋಷ್ಠಿ

ಮುಂಬಯಿ ಬಳಿಯ ಡೊಂಬಿವಲಿಯ ಲೋಲಾಕ್ಷಿ ತತ್ವಶಾಸ್ತ್ರದ ಎಂ.ಎ.ಗೆ ಸೇರಿದಾಗ, ಅದನ್ನು ಓದಿ ಮುಂದೇನು ಮಾಡುತ್ತಾಳೆಂದು ಬಂಧುಗಳೆಲ್ಲ ಕೇಳಿದ್ದರು. ವಾದ ಮಾಡುತ್ತೇನೆ ಎಂದಿದ್ದಳು ಅವಳು. ತಂದೆ ಚೆನ್ನಯ ಠಾಣೆ ಪಟ್ಟಣದ ನೌಪಾಡಾದ ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಮಗಳ ನಾಲಗೆ ಅವರಿಗೆ ಹೊಸದಲ್ಲ.

ಠಾಣೆಯಲ್ಲೇ ಇದ್ದ ಅವಳ ವಿಶ್ವವಿದ್ಯಾಲಯದ ವಿಭಾಗದಲ್ಲಿ ಪ್ರತಿ ಶುಕ್ರವಾರ ಸಂಜೆ ಐದಕ್ಕೆ ವಿಚಾರಗೋಷ್ಠಿ. ಒಬ್ಬರು ಪ್ರಬಂಧ ಓದುವುದು, ಉಳಿದವರು ಅದನ್ನು ಜಾಲಾಡುವುದು. ೧೯೯೪ರ ಮಳೆಗಾಲದಲ್ಲಿ ಲೋಕಲ್ ರೈಲುಗಳು ನಿಂತು ಒಬ್ಬ ಹುಡುಗಿ ತಡವಾಗಿ ಮನೆ ಸೇರಿದ್ದೇ ನೆಪವಾಯಿತು. ಐದರ ನಂತರ ಹುಡುಗಿಯರು ವಿಭಾಗದಲ್ಲಿ ಇರಕೂಡದೆಂದು ಮುಖ್ಯಸ್ಥರು ನಿಯಮ ಮಾಡಿದರು. ಮುಂದಿನ ವಾರ ಲೋಲಾಕ್ಷಿಯ ಸರದಿಯಿತ್ತು. ಮನುಷ್ಯನಿಗೆ ಸ್ವಂತ ಇಚ್ಛೆ ಎಂಬುದಿದೆಯೇ ಎಂದು ಎರಡು ತಿಂಗಳು ತಲೆ ಕೆಡಿಸಿಕೊಂಡು ಬರೆದಿದ್ದಳು. ಅದನ್ನು ಸಹಪಾಠಿ ಕೌಶಲ್ ಓದಲಿ ಎಂದರು ಮುಖ್ಯಸ್ಥರು.

"ಓದ್ಲಿಕ್ಕೆ ನನಗೇ ಬಾಯಿ ಉಂಟು ಸರ್," ಎಂದು ಅವಳು ಹಾಳೆಗಳನ್ನು ಮೇಜಿನಿಂದ ಎತ್ತಿಕೊಂಡು ಹೊರಟಳು.

ಜೊತೆಗೆ ಹೊರಟವಳು ಗೆಳತಿ ನಾಗವೇಣಿ. ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದು ಡೊಂಬಿವಲಿಯಾಚೆಯ ಕಲ್ಯಾಣದಲ್ಲಿ ನೆಲೆಸಿದ ಕುಟುಂಬದವಳು. "ಗಾಡ್ಯಾಗ ಓದು," ಎಂದಳು ಅವಳು. "ಅಲ್ಲಿಂದ ನಮ್ಮನ್ನ ಯಾರು ಎಬ್ಬಸ್ತಾರ ನೋಡೋಣು."

ಸ್ಲೋ ಲೋಕಲಿನ ಹೆಂಗಸರ ಬೋಗಿಯಲ್ಲಿ, ಅಂದರೆ ಲೇಡೀಸ್ ಡಬ್ಬದಲ್ಲಿ, ಒಂದು ಕೈಯಲ್ಲಿ ಮೇಲಿನ ಹಿಡಿ ಹಿಡಿದು, ಲೋಲಾಕ್ಷಿ ಓದತೊಡಗಿದಳು. ಆಫೀಸು ಮುಗಿಸಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದ ವನಮಾಲಾ ಎಂಬಾಕೆ ಮೊದಲು ಸಿಡಿಮಿಡಿಗೊಂಡರು. ಮುಂಬ್ರಾ ನಿಲ್ದಾಣ ದಾಟುವಷ್ಟರಲ್ಲಿ ಅವರೇ ಮರಾಠಿಯಲ್ಲಿ ತಕರಾರು ತೆಗೆದರು: ಏಳುವುದರಿಂದ ಹಿಡಿದು ಎಲ್ಲವೂ ಗಡಿಯಾರ ಹೇಳಿದಂತೆ ನಡೆಯುವಾಗ ಈ ಇಚ್ಛೆ ಎಲ್ಲಿಂದ ಬಂತು? ನಾಗವೇಣಿ ಅವರ ಪಕ್ಷ ಹಿಡಿದಳು. ಡೊಂಬಿವಲಿ ಬಂದರೂ ಲೋಲಾಕ್ಷಿ ಇಳಿಯಲಿಲ್ಲ. ಉತ್ತರ ಮುಗಿಸಲು ಕಲ್ಯಾಣದವರೆಗೆ ಹೋಗಿ ಹಿಂದಿರುಗಿದಳು.

ರೈಲಿನಲ್ಲಿ ಶುಕ್ರವಾರದ ಗೋಷ್ಠಿ ಹಾಗೆಯೇ ಮುಂದುವರಿಯಿತು. ಕೆಲ ವಾರಗಳಲ್ಲಿ ಕೌಶಲ್ ಮತ್ತವನ ಗೆಳೆಯರೂ ಪಕ್ಕದ ಗಂಡಸರ ಡಬ್ಬ ಹತ್ತಿ, ನಡುವಿನ ಜಾಲರಿಗೆ ಕಿವಿಕೊಟ್ಟು ನಿಂತರು. ಏನೇ ಕೇಳುವುದಿದ್ದರೂ ಅಲ್ಲಿಂದಲೇ ಕೂಗಬೇಕು. ವಿಭಾಗದ ಗೋಷ್ಠಿಯಲ್ಲಿ ಕುರ್ಚಿಗಳಷ್ಟೇ ಉಳಿದವು.

ಮುಖ್ಯಸ್ಥರು ಅವಳನ್ನು ಕರೆಸಿ ಕ್ಷಮೆ ಕೇಳೆಂದರು. ಐದಕ್ಕೆ ಹೊರಡಬೇಕೆಂದಿರಿ, ಹೊರಟಿದ್ದೇನೆ, ಇನ್ನು ಕ್ಷಮೆ ಯಾತಕ್ಕೆ ಎಂದಳು. ಅವರು ಹೋಟೆಲಿಗೇ ಫೋನ್ ಮಾಡಿದರು. ಗಿರಾಕಿಗಳ ಗದ್ದಲದ ನಡುವೆ ಚೆನ್ನಯ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು.

"ಈಗ ಮನೆಗೆ ಬೇಗ ಬರ್ತಾಳೆ ಸಾರ್. ನಿಮ್ಮಲ್ಲಿ ಕೂತಾಗ್ಲೇ ಲೇಟಾಗ್ತಿದ್ದದ್ದು," ಎಂದು ಫೋನ್ ಇಟ್ಟರು.

ನಿಯಮ ಬದಲಾಗಲಿಲ್ಲ, ಅವಳು ಕ್ಷಮೆಯನ್ನೂ ಕೇಳಲಿಲ್ಲ. ಎಂ.ಎ. ಮುಗಿಸಿ ಸಂಶೋಧನೆಗೆ ಅರ್ಜಿ ಹಾಕಿದಾಗ, ಅವಳಿಗೆ ಮಾರ್ಗದರ್ಶನ ಮಾಡಲು ವಿಭಾಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಅದು ಅವಳಿಗೆ ಚುಚ್ಚಿತು. ಅಡುಗೆಮನೆಯಲ್ಲಿ ತಾಯಿಯೆದುರು ಅತ್ತೂ ಬಿಟ್ಟಳು. ಆದರೆ ತಪ್ಪಾಯಿತೆಂದು ಹೇಳಿಬರಲು ಮಾತ್ರ ಹೋಗಲಿಲ್ಲ. ಕಲ್ಯಾಣದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುವ ಕೆಲಸದ ಸಂದರ್ಶನಕ್ಕೆ ಹೋದಳು. ವಿಭಾಗದೊಂದಿಗೆ ಜಗಳವಾಡಿದ್ದು ನಿಜವೇ ಎಂದು ಅಲ್ಲಿ ಕೇಳಿದರು.

ನಿಜ, ಇನ್ನೂ ಮುಗಿದಿಲ್ಲ ಎಂದಳು. ಕೆಲಸ ಸಿಕ್ಕಿತು.