ಕಾಕೂನ ಗಾಡಿಯೊಳಗಿನ ಜಪಾನಿ ಹೆಂಗಸು

ಸಾಂಗ್ಲಿಯಲ್ಲಿ ಅರಿಶಿನದ ಚೀಲ ಇಳಿಸುವ ಕಡೆ ಹಾದುಹೋಗುವಾಗ ಮೂಗಿಗೆ ಬಡಿಯುವ ಘಾಟು ನಿಮಗೆ ಅಡುಗೆಮನೆಯನ್ನು ನೆನಪಿಸಬಹುದು. ನನಗೆ ನೆನಪಾಗುವುದು ಪಕ್ಕದ ಹರಿಪುರದ ನಮ್ಮ ಕಾಕೂನ, ಅಂದರೆ ಚಿಕ್ಕಮ್ಮನ, ಕಾರು. ಇವತ್ತೂ ಹಾಗೇ ಆಯಿತು, ಅದೇ ಕಾರಿನಲ್ಲಿ ಅವಳ ಪಕ್ಕ ಕೂತಿದ್ದರೂ.

ಕೆಲವು ವರ್ಷಗಳ ಹಿಂದೆ ಕಾಕಾ ಮುಂಬೈಯಿಂದ ಜಪಾನಿನ ಹಳೇ ಕಾರೊಂದನ್ನು ತಂದರು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತ ಕಾಕೂಗೆ ಅದು ಮೊದಲ ಸ್ವಂತ ಗಾಡಿ. ಮಿರಜದ ಆಸ್ಪತ್ರೆಗೆಂದು ಹುಬ್ಬಳ್ಳಿಯಿಂದ ಬರುವ ತಂಗಿಯನ್ನು ಸ್ಟೇಶನ್ನಿಗೆ ಹೋಗಿ ತಾನೇ ಕರೆತರಬೇಕೆಂಬುದು ಅವಳ ಹಟ. ಆದರೆ ಗಾಡಿ ಚಾಲೂ ಆದೊಡನೆ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿ, ಸ್ಪೀಕರಿನೊಳಗಿನ ಹೆಂಗಸು ಜಪಾನಿಯಲ್ಲಿ ಮಾತು ಶುರುಮಾಡುತ್ತಿದ್ದಳು. ಜಪಾನನ್ನಷ್ಟೇ ಬಲ್ಲ ಅದರ ನಕ್ಷೆಯಲ್ಲಂತೂ ನಮ್ಮ ಕಾರು ನೀಲಿ ಸಮುದ್ರದ ನಡುವೆ. ಕೃಷ್ಣೆಯ ಮಹಾಪೂರ ಕಂಡ ಹರಿಪುರದವರಿಗೆ ಅದೇನು ಹೊಸದಲ್ಲ ಬಿಡಿ. ಕಾಕಾನ ಹೆದರಿಕೆಯೆಲ್ಲ ಆ ಹೆಂಗಸಿನದು.

"ಬ್ರೇಕ್ ಹೋಗ್ಯಾವ ಅಂತ ಹೇಳಾಕತ್ತಿದ್ರ ನಮಗ ಹೆಂಗ ತಿಳೀತದ? ತಿಳಿಯೋ ಭಾಷಾದಾಗ ಮಾತಾಡೂತನಕ ಗಾಡಿ ಮುಟ್ಟಬ್ಯಾಡ. ಇಲ್ಲಂದ್ರ ಮಾರೇಬಿಡ್ತೀನಿ."

ಕಾಕೂ ಜಗಳವಾಡಲಿಲ್ಲ. ನನಗೆ ಫೋನ್ ಮಾಡಿದಳು.

ನಾನೋ, ಮಿಕ್ಸರ್ ರಿಪೇರಿಗೆಂದು ಬಿಚ್ಚಿ, ಬಿಚ್ಚಿದ ಹಾಗೇ ಇಟ್ಟ ಆಸಾಮಿ. ಆದರೂ ಬೀಗುತ್ತ ಹೋದೆ. ಫೋನಿನ ಕ್ಯಾಮೆರಾ ಹಿಡಿದರೆ ಜಪಾನಿ ಅಕ್ಷರ ಇಂಗ್ಲಿಷಾಗುತ್ತದಲ್ಲ! ಹಾಡು ಸಿಕ್ಕಿತು, ರೇಡಿಯೋ ಸಿಕ್ಕಿತು. ಭಾಷೆ ಬದಲಿಸುವ ಜಾಗ ಮಾತ್ರ ಸಿಗಲಿಲ್ಲ. ಊಟದ ಹೊತ್ತಾದರೂ ಒತ್ತಿದ್ದನ್ನೇ ಒತ್ತುತ್ತಿದ್ದೆ. ಅತ್ತ ಕಾಕಾ ಕಟ್ಟೆಯ ಮೇಲೆ ಕೂತು, ಫೋನಿನಲ್ಲಿ ಯಾವನೋ ಗಿರಾಕಿಗೆ ಮರಾಠಿಯಲ್ಲಿ ಗಾಡಿಯ ಗುಣಗಾನ ನಡೆಸಿದ್ದರು. ಕಾಕೂ ಅದನ್ನು ಕೇಳುತ್ತ ಬಾಗಿಲ ಹಿಡಿದು ನಿಂತಿದ್ದಳು.

ನಾನು ಒತ್ತದೆ ಉಳಿದದ್ದು ಪರದೆಯ ಕೆಳಮೂಲೆಯೊಂದೇ. ಗಾಡಿ ಪೂಜೆಯ ದಿನ ಗಾಲಿಗೆ, ಸ್ಟಿಯರಿಂಗಿಗೆ ಹಚ್ಚಿದಂತೆ ಕಾಕೂ ಅಲ್ಲಿಗೂ ಅರಿಶಿನ-ಕುಂಕುಮ ದಪ್ಪಗೆ ಮೆತ್ತಿದ್ದಳು. ದೇವರದೆಂದು ಯಾರೂ ಅಲ್ಲಿ ಬೆರಳಿಡುತ್ತಿರಲಿಲ್ಲ.

"ಕಾಕೂ, ಇದರ ಕೆಳಗೇನೈತಿ?" ಎಂದೆ.

"ಪೂಜಾದ ಕುಂಕುಮ ಒರಸಬ್ಯಾಡ!" ಕಾಕಾ ಕಟ್ಟೆಯಿಂದಲೇ ಕೂಗಿದರು.

ಕಾಕೂ ಸೆರಗಿನ ತುದಿ ಒದ್ದೆ ಮಾಡಿಕೊಂಡು ಬಂದಳು. "ಗಾಡಿ ಓಡ್ಲಿ ಅಂತ ಪೂಜಾ ಮಾಡೀನಿರಿ, ನಿಂದ್ರಲಿ ಅಂತಲ್ಲ," ಎನ್ನುತ್ತ ಒರಸಿಯೇಬಿಟ್ಟಳು.

ಕೆಳಗೆ ಸೆಟ್ಟಿಂಗಿನ ಪುಟ್ಟದೊಂದು ಹಲ್ಲುಚಕ್ರದ ಚಿತ್ರ! ಒತ್ತಿದೆ. ಭಾಷೆಗಳ ಸಾಲು ಬಂತು. ಇಂಗ್ಲಿಷನ್ನು ಕಾಕೂನೇ ಒತ್ತಿದಳು. ಗಾಡಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ಆ ಹೆಂಗಸು ಸ್ಪಷ್ಟ ಇಂಗ್ಲಿಷಿನಲ್ಲಿ, ಜೋಪಾನವಾಗಿ ಓಡಿಸಿ ಎಂದಳು. ಅಷ್ಟೇ.

"ದಿನಾ ಇಷ್ಟ ಹೇಳಾಕತ್ತಿದ್ಲೇನು?" ಕಾಕಾ ಗಿರಾಕಿಯ ಫೋನು ಇಟ್ಟರು.

"ನೀವೂ ದಿನಾ ಇಷ್ಟ ಹೇಳ್ತೀರಿ," ಎಂದ ಕಾಕೂ ಗೇಟು ದಾಟಿ ಮಿರಜದ ಕಡೆ ಹೊರಟೇಬಿಟ್ಟಳು. ನನಗೆ ಸಿಳ್ಳೆ ಹೊಡೆಯುವಷ್ಟು ಸಂತೋಷವಾಗಿತ್ತು, ಹೊಡೆದೆ.

ಇವತ್ತು ಮಿರಜ ಸ್ಟೇಶನ್ನಿನಲ್ಲಿ ನನ್ನನ್ನು ಕರೆದುಕೊಳ್ಳಲು ಬಂದವಳೂ ಅವಳೇ. ಪರದೆಯ ಮೂಲೆಯ ಹಳದಿ ಕಲೆ ಇನ್ನೂ ಹೋಗಿಲ್ಲ. ಸಾಂಗ್ಲಿ ಪೇಟೆಯ ಅರಿಶಿನದ ಘಾಟಿಗೆ ಕಿಟಕಿ ಏರಿಸುತ್ತ ನೋಡಿದೆ: ನಕ್ಷೆಯಲ್ಲಿ ನಾವು ಈಗಲೂ ಸಮುದ್ರದಲ್ಲೇ.

"ಕಾಕೂ, ನಮ್ಮ ಕಡೆ ನಕ್ಷಾ ಹಾಕಿಕೊಡ್ಲೇನು?" ಎಂದು ಉಮೇದಿಯಿಂದ ಫೋನು ತೆಗೆದೆ.

"ಯಾಕೋ? ಇಷ್ಟು ವರ್ಷ ಸಮುದ್ರದಾಗ ಓಡಿಸೀನಿ, ಒಮ್ಮಿಯರೆ ಮುಳುಗೀನೇನು?"

ನಾನು ಫೋನು ಕಿಸೆಗೆ ಹಾಕಿ ಆರಾಮಾಗಿ ಒರಗಿ ಕೂತೆ. ಕಾಕೂ ಹಾರ್ನ್ ಹೊಡೆದು ಮುಂದಿನ ರಿಕ್ಷಾವನ್ನು ಹಿಂದೆ ಹಾಕಿದಳು.