ನಮ್ಮ ತಾರಸಿಗೆ ಬಂದ ಉಸ್ತಾದರು

ಮುನಿಯಣ್ಣ ಉಸ್ತಾದರ ಎರಡೂ ಕಿವಿಗಳು ಹಿಸುಕಿದ ಕಡುಬಿನ ಹಾಗಿದ್ದವು. ಕುಸ್ತಿಯಲ್ಲಿ ತಲೆಗೆ ತಲೆ ಉಜ್ಜಿ ಉಜ್ಜಿ ಹಾಗಾದದ್ದಂತೆ. ಅವುಗಳಿಗೆ ಕೇಳಿಸುತ್ತಿದ್ದದ್ದು ಕಡಿಮೆ. ನಾನು ಬಸ್ಕಿ ಹೊಡೆಯುವಾಗ ಎಣಿಕೆಯಲ್ಲಿ ನಾಲ್ಕು ಹಾರಿಸಿದರೆ ಮಾತ್ರ ಅದು ಹೇಗೋ ಕೇಳಿಬಿಡುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಿ.ಎ. ಮುಗಿಸಿದ್ದ ನಾನು ಸಬ್‌ಇನ್‌ಸ್ಪೆಕ್ಟರ್ ಆಗಬೇಕೆಂದು ಹಟ ಹಿಡಿದಿದ್ದೆ. ಪರೀಕ್ಷೆಯ ಭಯವಿರಲಿಲ್ಲ, ಎದೆಯ ಅಳತೆ ಒಂದಿಂಚು ಕಡಿಮೆ. ನನ್ನನ್ನು ತಯಾರು ಮಾಡುವವರು ಯಾರಾದರೂ ಸಿಕ್ಕಾರೆಂದು ಅಪ್ಪ ರಾಜಾಜಿನಗರವನ್ನೆಲ್ಲ ಸುತ್ತಿದರು. ವ್ಯಾಯಾಮದ ಮೇಷ್ಟರೊಬ್ಬರು ಒಂದು ಪುಸ್ತಕ ಕೊಟ್ಟು ಕಳಿಸಿದರು. ಎದುರುಮನೆಯವರು ಮೊಟ್ಟೆ ತಿನ್ನಿಸಿ ಎಂದರು. ನಮ್ಮದು ಲಿಂಗಾಯತರ ಮನೆ, ಅಮ್ಮ ಅವರ ಜೊತೆ ಒಂದು ವಾರ ಮಾತು ಬಿಟ್ಟಳು. ಕೊನೆಗೆ ಬಿನ್ನಿಪೇಟೆಯ ಗರಡಿಮನೆಯೊಂದರಲ್ಲಿ ಈ ಉಸ್ತಾದರು ಸಿಕ್ಕರು.

ಮನೆಗೆ ಹೋಗಿ ಹೇಳಿಕೊಡುವ ಪದ್ಧತಿ ಅವರಲ್ಲಿರಲಿಲ್ಲ. ಅಪ್ಪ ಕೇಳಿದ್ದಕ್ಕೆ ಮುಖ ಸಿಂಡರಿಸಿದರು. ಆಮೇಲೆ ನನ್ನ ಅಂಗಿ ಬಿಚ್ಚಿಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇವನು ಇಲ್ಲಿಗೆ ಬಂದ್ರೆ ನಮ್ಮ ಹುಡುಗ್ರು ನಕ್ಕೂ ನಕ್ಕೂ ಸಾಮು ಮಾಡೋದೇ ಮರ್ತೋಗ್ತಾರೆ ಸ್ವಾಮಿ. ನಾನೇ ಬರ್ತೀನಿ ಬಿಡಿ," ಎಂದರು.

ಮಾರನೆಯ ಬೆಳಗಿನಿಂದ ನಮ್ಮ ತಾರಸಿಯೇ ಗರಡಿಯಾಯಿತು. "ಒಬ್ಬನೇ ಮಾಡಿದ್ರೆ ಮೈ ಕಳ್ಳ ಬೀಳತ್ತೆ ಕಣಪ್ಪ, ಜೋಡಿ ಬೇಕು," ಎಂದು ಅರವತ್ತು ದಾಟಿದ ಆ ಮನುಷ್ಯ ನನ್ನ ಪಕ್ಕದಲ್ಲೇ ದಂಡ ಹೊಡೆಯುತ್ತಿದ್ದರು. ನನಗೆ ನೆನೆಸಿದ ಕಡಲೆ, ಅವರಿಗೆ ಅಮ್ಮನ ಕಾಫಿ. ಕಾಫಿ ಪೈಲ್ವಾನರಿಗೆ ವಿಷವೆಂದು ನನಗೆ ಬೋಧಿಸುತ್ತಲೇ ಎರಡನೇ ಲೋಟಕ್ಕೆ ಕೈ ಚಾಚುತ್ತಿದ್ದರು.

ಗರಡಿಯ ಒಂದು ನಿಯಮದಲ್ಲಿ ಮಾತ್ರ ಅವರದು ರಾಜಿಯಿಲ್ಲ. ಉಸ್ತಾದರ ಎದುರಾಗಲಿ ಹಿರಿಯರ ಎದುರಾಗಲಿ ಎದೆ ಸೆಟೆಸಿ ನಿಲ್ಲಕೂಡದು. "ಉಬ್ಬಿಸ್ಕೊಂಡು ನಿಂತ್ರೆ ಬಂದಿದ್ದೂ ಹೋಗತ್ತೆ. ಭುಜ ಇಳಿಸು," ಎಂದು ದಿನವೂ ತಿದ್ದುತ್ತಿದ್ದರು. ಆರು ತಿಂಗಳಲ್ಲಿ ಅದು ನನ್ನ ಮೈಗೆ ಹತ್ತಿಬಿಟ್ಟಿತು.

ಆಯ್ಕೆಯ ದಿನ ಟೇಪು ಹಿಡಿದು ಬಂದವರು ಬಿಳಿಮೀಸೆಯ ಅಧಿಕಾರಿ. ಅವರು ಎದುರಿಗೆ ನಿಂತದ್ದೇ ತಡ, ನನ್ನ ಭುಜ ತಾನಾಗಿ ಇಳಿಯಿತು. "ಎದೆ ಉಬ್ಬಿಸ್ರೀ!" ಎಂದು ಎರಡು ಸಲ ಗದರಿದರು. ಉಬ್ಬಲಿಲ್ಲ. ಅರ್ಧ ಇಂಚು ಕಡಿಮೆ ಎಂದು ಬರೆದುಕೊಂಡು ಮುಂದೆ ಹೋದರು.

ನಡೆದದ್ದನ್ನು ಕೇಳಿ ಉಸ್ತಾದರು ಕಾಫಿ ಲೋಟವನ್ನು ಪಕ್ಕಕ್ಕಿಟ್ಟರು. "ತಪ್ಪು ನಂದು ಕಣಪ್ಪ," ಎಂದರು. ನನಗೆ ಉಳಿದಿದ್ದದ್ದು ಮುಂದಿನ ವರ್ಷದ ಒಂದೇ ಅವಕಾಶ, ಆಮೇಲೆ ವಯಸ್ಸು ಮೀರುತ್ತಿತ್ತು. ಅವತ್ತಿನಿಂದ ಪಾಠ ತಿರುಗುಮುರುಗಾಯಿತು. ಅಪ್ಪನ ಮುಂದೆ, ಪೋಸ್ಟ್‌ಮ್ಯಾನ್ ಮುಂದೆ, ಬೀದಿಯ ಹಿರಿಯರೆಲ್ಲರ ಮುಂದೆ ಎದೆ ಉಬ್ಬಿಸಿ ನಿಲ್ಲಲು ಕಲಿತೆ. ಉಸ್ತಾದರ ಮುಂದೆ ಮಾತ್ರ ಆಗಲಿಲ್ಲ. ಅವರು ಬೈದರು, ರಮಿಸಿದರು.

"ನನ್ನ ಉಸ್ತಾದ್ ಅಂತ ನೋಡ್ಬೇಡ್ವೋ, ಹಾಲಿನೋನು ಅಂದ್ಕೋ!"

ನಗು ಬಂತೇ ಹೊರತು ಎದೆ ಏಳಲಿಲ್ಲ.

ಎರಡನೇ ಸಲ ಮನೆಯಲ್ಲಿ ಕೂರಲಾರದೆ ಅವರೂ ಬಂದರು. ಮೈದಾನದ ಬೇಲಿಯಾಚೆ ಜನರ ನಡುವೆ ನಿಂತಿದ್ದರು. ಟೇಪು ನನ್ನ ಬೆನ್ನು ಬಳಸಿ ಮುಂದೆ ಬಂತು. ಕಣ್ಣೆತ್ತಿದರೆ ನೇರ ಎದುರಿಗೆ ಉಸ್ತಾದರು! ಭುಜ ಇಳಿಯತೊಡಗಿತು. ಅದು ಅವರಿಗೂ ಕಂಡಿರಬೇಕು. ಸರಕ್ಕನೆ ತಿರುಗಿ, ನನಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಹಾಕಿ ನಿಂತುಬಿಟ್ಟರು.

ನಾನು ಎದೆ ತುಂಬ ಉಸಿರೆಳೆದೆ. ಬೇಕಾದುದಕ್ಕಿಂತ ಕಾಲಿಂಚು ಹೆಚ್ಚೇ ಬಂತು.

ಅಂಗಿಯನ್ನೂ ತೊಡದೆ ಬೇಲಿಯ ಬಳಿಗೆ ಓಡಿದೆ. ಅವರಿನ್ನೂ ಹಾಗೇ ನಿಂತಿದ್ದರು.

"ಆಯ್ತೇನಪ್ಪಾ?" ತಿರುಗದೆಯೇ ಕೇಳಿದರು.

"ಆಯ್ತು ಉಸ್ತಾದ್!"

ಆಗ ತಿರುಗಿದರು. ಖುಷಿಗೆ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು. ಎರಡು ದಿನ ನೋಯುತ್ತಿತ್ತು. ಅಂಥ ಸುಖದ ನೋವನ್ನು ನಾನು ಮತ್ತೆ ಪಟ್ಟಿಲ್ಲ.

ನಾನು ಪರವೂರಿನಲ್ಲಿ ತರಬೇತಿಯಲ್ಲಿದ್ದಾಗ, ಉಸ್ತಾದರು ನಿದ್ದೆಯಲ್ಲೇ ಹೋದರೆಂದು ಅಪ್ಪನ ಕಾಗದ ಬಂತು. ಒಂದೂವರೆ ವರ್ಷ ಮೈಮುರಿದು ಬೆಳೆಸಿದ ಎದೆ, ಅದು ಉಬ್ಬಿದ್ದನ್ನು ಅವರು ಒಮ್ಮೆಯೂ ನೋಡಲಿಲ್ಲ.